ಕೊಳಚೆ ನೀರಿಗೂ ಹೆಪ್ಪು ಬೇಕು



ಈ ಸಲ ನಾವು ಆರಿಸಿಕೊಂಡ ವಿಷಯ ಸ್ವಲ್ಪ ವಾಸನೆ ಬರುವಂಥದ್ದು: ಎಸ್‌ಟಿಪಿ ಒಳಗಿನ ಸ್ಲಡ್ಜ್. ಕನ್ನಡದಲ್ಲಿ ಕೆಸರು ಅಂತ ಬರೆಯಬಹುದು. ಆದರೆ ಪ್ಲಾಂಟಿನ ಆಪರೇಟರ್‌ನಿಂದ ಹಿಡಿದು ನಮ್ಮ ಲೆಕ್ಚರರ್‌ಗಳವರೆಗೆ ಎಲ್ಲರೂ ಸ್ಲಡ್ಜ್ ಅಂತಲೇ ಅನ್ನುವುದರಿಂದ ನಾವೂ ಹಾಗೇ ಬರೀತೀವಿ. ಪ್ರಶ್ನೆ ಇಷ್ಟೇ. ಕೊಳಚೆ ನೀರು ಶುದ್ಧವಾದ ಮೇಲೆ ತಳದಲ್ಲಿ ಉಳಿಯುವ ಸ್ಲಡ್ಜನ್ನು ಎಸೆಯುವ ಬದಲು ಮತ್ತೆ ಬಳಸಿದರೆ, ನೀರಿನಲ್ಲಿರುವ ಸಾರಜನಕ ಮತ್ತು ರಂಜಕ ಇನ್ನೂ ಚೆನ್ನಾಗಿ ಹೋಗುತ್ತಾ? ಹೋಗುತ್ತೆ. ಆದರೆ ಎಲ್ಲಿಗೆ, ಎಷ್ಟು, ಯಾವ ಸ್ಥಿತಿಯಲ್ಲಿ ವಾಪಸ್ ಹಾಕ್ತೀವಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಅದನ್ನೇ ಇಲ್ಲಿ ಲೆಕ್ಕದ ಸಮೇತ ನೋಡೋಣ.

ಕುಂದಾಣಕ್ಕೂ ಇದಕ್ಕೂ ಏನು ಸಂಬಂಧ?

ನಮ್ಮಲ್ಲಿ ಕೆಲವರು ಕುಂದಾಣ ಹೋಬಳಿಯ ಹಳ್ಳಿಗಳವರು. ದೇವನಹಳ್ಳಿ ತಾಲ್ಲೂಕಿನ ಈ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ ಎಲ್ಲ ನಿಂತಿರೋದು ಬೋರ್‌ವೆಲ್ ಮೇಲೆ. ಕೆರೆ ತುಂಬಿದರೆ ಬೋರ್‌ವೆಲ್‌ನಲ್ಲಿ ನೀರು, ಕೆರೆ ಒಣಗಿದರೆ ಮತ್ತೆ ಡ್ರಿಲ್ಲಿಂಗ್ ಲಾರಿ.

ಕೆರೆ ತುಂಬಿಸಲು ಸರ್ಕಾರ ಆರಿಸಿಕೊಂಡ ದಾರಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಸಣ್ಣ ನೀರಾವರಿ ಇಲಾಖೆಯ ಹೆಬ್ಬಾಳ–ನಾಗವಾರ ವ್ಯಾಲಿ ಯೋಜನೆಯನ್ನು ದಿನಕ್ಕೆ 210 ಎಂಎಲ್‌ಡಿ, ಅಂದರೆ 21 ಕೋಟಿ ಲೀಟರ್ ನೀರನ್ನು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹರಿಸಲು ರೂಪಿಸಲಾಯಿತು. ದೇವನಹಳ್ಳಿ ತಾಲ್ಲೂಕಿನ ಕೆರೆಗಳೂ ಅದರಲ್ಲಿವೆ. ಕೋಲಾರದ ಕಡೆಗೆ ಹೋಗುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದು, ವಿಷಯ ಹೈಕೋರ್ಟ್‌ವರೆಗೆ ಹೋಗಿದ್ದು ನಿಮಗೆ ನೆನಪಿರಬಹುದು.

ನೊರೆ ಕಣ್ಣಿಗೆ ಕಾಣುತ್ತೆ, ಆದ್ದರಿಂದ ಗಲಾಟೆ ಆಗುತ್ತೆ. ಸಾರಜನಕ, ರಂಜಕ ಕಣ್ಣಿಗೆ ಕಾಣಲ್ಲ. ರಂಜಕ ಕೆರೆಯಲ್ಲಿ ನಿಂತು ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗುತ್ತೆ. ಸಾರಜನಕ ನೈಟ್ರೇಟ್ ರೂಪದಲ್ಲಿ ಮಣ್ಣಿನ ಮೂಲಕ ಕೆಳಗಿಳಿದು ಬೋರ್‌ವೆಲ್ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 45 ಮಿ.ಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತೆ. ಯಾಕೆಂದರೆ ಹೆಚ್ಚಾದ ನೈಟ್ರೇಟ್ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಡಿಮೆ ಮಾಡುತ್ತೆ. ನೀರು ಕುದಿಸಿದರೂ ನೈಟ್ರೇಟ್ ಹೋಗಲ್ಲ.

ನಿಯಮ ಏನು ಹೇಳುತ್ತೆ ಅಂತ ನೋಡಿದರೆ, 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಸಾರಜನಕ, ರಂಜಕಗಳಿಗೆ ಮಿತಿಯೇ ಇರಲಿಲ್ಲ. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಬಿಗಿ ಮಾಡಿತು. ಮಹಾನಗರಗಳಿಗೆ ಬಿಒಡಿ 10, ಒಟ್ಟು ಸಾರಜನಕ 10, ಕೆರೆಗಳಿಗೆ ಬಿಡುವ ನೀರಿನಲ್ಲಿ ಒಟ್ಟು ರಂಜಕ 1, ಎಲ್ಲವೂ ಲೀಟರ್‌ಗೆ ಮಿ.ಗ್ರಾಂ ಲೆಕ್ಕದಲ್ಲಿ. ಇಲ್ಲೊಂದು ಸ್ವಾರಸ್ಯ ಇದೆ. 10 ಮಿ.ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆಗಿದ್ದರೆ ಅದು ಸುಮಾರು 44 ಮಿ.ಗ್ರಾಂ ನೈಟ್ರೇಟ್‌ಗೆ ಸಮ. ಅಂದರೆ ಕುಡಿಯುವ ನೀರಿನ ಮಿತಿಯ ಅಂಚಿನಲ್ಲೇ. ಪ್ಲಾಂಟಿನಲ್ಲಿ 10ರ ಬದಲು 20 ಬಿಟ್ಟರೆ, ನಮ್ಮ ಕಡೆ ಬೋರ್‌ವೆಲ್ ಹತ್ತಿರ ಉಳಿಯುವ ಸುರಕ್ಷತೆಗೆ ಮಣ್ಣನ್ನೇ ನಂಬಬೇಕು.

ಹೆಪ್ಪಿನ ಕಥೆ: ಮ್ಯಾಂಚೆಸ್ಟರ್‌ನಿಂದ ಬೆಂಗಳೂರಿಗೆ

ಮನೆಯಲ್ಲಿ ಮೊಸರು ಹೇಗೆ ಮಾಡ್ತಾರೆ? ನಿನ್ನೆಯ ಮೊಸರು ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕ್ತಾರೆ. ಹೆಪ್ಪು ಇಲ್ಲದೆ ಹಾಲು ಇಟ್ಟರೆ ಯಾವಾಗಲೋ ಹುಳಿಯುತ್ತೆ, ಮೊಸರಾಗುತ್ತೋ ಕೆಡುತ್ತೋ ಹೇಳೋಕಾಗಲ್ಲ. ಕೊಳಚೆ ನೀರಿನ ಕಥೆಯೂ ಇದೇ.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಗಳಲ್ಲಿ ಕೊಳಚೆ ನೀರು ತುಂಬಿ ಗಾಳಿ ಊದಿದರು. ಮೊದಲ ಸಲ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಬೇಕಾಯಿತು. ಅವರು ಮಾಡಿದ ಜಾಣತನ ಒಂದೇ. ತಳದಲ್ಲಿ ಕೂತ ಗಸಿಯನ್ನು ಚೆಲ್ಲದೆ, ಮೇಲಿನ ನೀರು ಮಾತ್ರ ಬಗ್ಗಿಸಿ, ಅದೇ ಗಸಿಯ ಮೇಲೆ ಹೊಸ ಕೊಳಚೆ ಹಾಕಿದರು. ಹೀಗೆ ಮತ್ತೆ ಮತ್ತೆ ಮಾಡುತ್ತಾ ಹೋದಂತೆ ಗಸಿ ಹೆಚ್ಚಿತು, ಸಮಯ ಇಳಿಯಿತು. ಕೊನೆಗೆ ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ಈ ಗಸಿಗೆ ಅವರು ಕೊಟ್ಟ ಹೆಸರೇ ಆಕ್ಟಿವೇಟೆಡ್ ಸ್ಲಡ್ಜ್. ಅಂದರೆ ಸ್ಲಡ್ಜ್ ಮರುಬಳಕೆ ಈ ವಿಧಾನದ ಹುಟ್ಟಿನಲ್ಲೇ ಇದೆ.

ಆ ಪ್ರಯೋಗಕ್ಕೆ ಪ್ರೇರಣೆ ಕೊಟ್ಟವರು ಗಿಲ್ಬರ್ಟ್ ಫೌಲರ್. ಅವರು 1916ರಲ್ಲಿ ಬಂದು ಸೇರಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಮೊದಲ ಮುಖ್ಯಸ್ಥರೂ ಅವರೇ. ಕೊಳಚೆಯಲ್ಲಿರುವ ಸಾರಜನಕ ವ್ಯರ್ಥವಾಗದೆ ಮಣ್ಣು ಸೇರಬೇಕು ಅನ್ನೋದು ಅವರ ದೊಡ್ಡ ಆಸಕ್ತಿ.

ಇನ್ನೊಂದು ವಿಷಯ ನಮ್ಮ ಸಿಲಬಸ್‌ನಲ್ಲಿ ಸಿಗೋದಿಲ್ಲ. ಬ್ಯಾಕ್ಟೀರಿಯಾಗಳಿಂದ ರಂಜಕವನ್ನು ಹೆಚ್ಚು ಹೀರಿಸಬಹುದು ಅನ್ನೋದನ್ನ ಜಗತ್ತಿಗೆ ಮೊದಲು ತೋರಿಸಿದವರಲ್ಲಿ ಬೆಂಗಳೂರಿನ ಶ್ರೀನಾಥ್, ಶಾಸ್ತ್ರಿ ಮತ್ತು ಪಿಳ್ಳೈ ಇದ್ದಾರೆ. ಆಕ್ಟಿವೇಟೆಡ್ ಸ್ಲಡ್ಜ್ ಜೊತೆ ಗಾಳಿ ಊದಿದಾಗ ಕೊಳಚೆಯ ರಂಜಕ ಬೇಗನೆ ಕಡಿಮೆಯಾಗುತ್ತೆ ಅಂತ ಅವರ ಪ್ರಬಂಧ 1959ರಲ್ಲಿ ಪ್ರಕಟವಾಯಿತು. ಇವತ್ತು ಈ ವಿಷಯದ ಚರಿತ್ರೆ ಬರೆಯುವ ಹಲವರು ಆ ಪ್ರಬಂಧದಿಂದಲೇ ಶುರು ಮಾಡ್ತಾರೆ. ನಮ್ಮ ಊರಲ್ಲೇ ಬಿತ್ತಿದ ಬೀಜ, ನಾವು ಅದನ್ನ ಹೊರದೇಶದ ಟೆಕ್ನಾಲಜಿ ಅಂತ ಓದ್ತಾ ಇದೀವಿ.

ಸಾರಜನಕದ ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. ಒಳಬರುವ ಕೊಳಚೆಯಲ್ಲಿ ಲೀಟರ್‌ಗೆ 45 ಮಿ.ಗ್ರಾಂ ಸಾರಜನಕ, 7 ಮಿ.ಗ್ರಾಂ ರಂಜಕ ಇದೆ ಅಂತಿಟ್ಟುಕೊಳ್ಳಿ. ಬ್ಯಾಕ್ಟೀರಿಯಾ ಬೆಳೆಯೋಕೆ ಸುಮಾರು 5 ಮಿ.ಗ್ರಾಂ ಸಾರಜನಕ ತಗೊಳ್ಳುತ್ತೆ. ಉಳಿದದ್ದು 40.

ಮೊದಲ ಹೆಜ್ಜೆ ನೈಟ್ರಿಫಿಕೇಶನ್. ಗಾಳಿ ಇರುವ ಟ್ಯಾಂಕಿನಲ್ಲಿ ಅಮೋನಿಯಾ ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗುತ್ತೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತೆ. ನೀರು ಟ್ಯಾಂಕಿನಲ್ಲಿ ಇರೋದು ಕೆಲವು ಗಂಟೆ, ಈ ಬ್ಯಾಕ್ಟೀರಿಯಾಗೆ ಬೇಕಾದ್ದು ಹಲವು ದಿನ. ಆದ್ದರಿಂದಲೇ ಕ್ಲ್ಯಾರಿಫೈಯರ್‌ನಲ್ಲಿ ಕೂತ ಸ್ಲಡ್ಜನ್ನು ಪಂಪ್ ಮಾಡಿ ಟ್ಯಾಂಕಿಗೆ ವಾಪಸ್ ಕಳಿಸೋದು. ನೀರು ಬೇಗ ಹೋಗುತ್ತೆ, ಸ್ಲಡ್ಜ್ ಉಳಿಯುತ್ತೆ. ವಾಪಸ್ ಪಂಪ್ ನಿಂತರೆ ಮೊದಲು ತೊಳೆದು ಹೋಗೋದು ಇದೇ ನಿಧಾನದ ಬ್ಯಾಕ್ಟೀರಿಯಾ.

ಖರ್ಚೂ ನೋಡಿ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು, 7.14 ಗ್ರಾಂ ಕ್ಷಾರೀಯತೆ ಖಾಲಿಯಾಗುತ್ತೆ. ನಮ್ಮ 40ಕ್ಕೆ 183 ಮಿ.ಗ್ರಾಂ ಆಮ್ಲಜನಕ, 286 ಮಿ.ಗ್ರಾಂ ಕ್ಷಾರೀಯತೆ.

ಎರಡನೇ ಹೆಜ್ಜೆ ಡಿನೈಟ್ರಿಫಿಕೇಶನ್. ಗಾಳಿ ಇಲ್ಲದ ಟ್ಯಾಂಕಿನಲ್ಲಿ ಬೇರೆ ಬ್ಯಾಕ್ಟೀರಿಯಾ ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಉಸಿರಾಡಿ, ಸಾರಜನಕವನ್ನು ಅನಿಲವಾಗಿ ಬಿಡುತ್ತೆ. ಅದಕ್ಕೆ ತಿನ್ನೋಕೆ ಇಂಗಾಲ ಬೇಕು. ಇಂಗಾಲ ಇರೋದು ಒಳಬರುವ ಹೊಸ ಕೊಳಚೆಯಲ್ಲಿ, ನೈಟ್ರೇಟ್ ಇರೋದು ಕೊನೆಯ ಟ್ಯಾಂಕಿನಲ್ಲಿ. ಎರಡನ್ನೂ ಸೇರಿಸೋದು ಹೇಗೆ? ಕೊನೆಯಲ್ಲಿರೋದನ್ನ ಮುಂದಕ್ಕೆ ತರಬೇಕು. ವಾಪಸ್ ಬರುವ ಸ್ಲಡ್ಜ್ ಒಂದು ಪಾಲು ತರುತ್ತೆ, ಗಾಳಿ ಟ್ಯಾಂಕಿನಿಂದ ನೇರವಾಗಿ ತಿರುಗಿಸುವ ಮಿಶ್ರಣ ಇನ್ನೊಂದು ಪಾಲು ತರುತ್ತೆ.

ಮುಂದಿನ ಟ್ಯಾಂಕಿಗೆ ಬಂದ ನೈಟ್ರೇಟ್ ಎಲ್ಲ ಅನಿಲವಾಯಿತು ಅಂತಿಟ್ಟುಕೊಂಡರೆ ಸೂತ್ರ ಸುಲಭ. ಹೊರಹೋಗುವ ನೈಟ್ರೇಟ್ = 40 ÷ (1 + ಒಟ್ಟು ವಾಪಸಾತಿ). ಒಟ್ಟು ವಾಪಸಾತಿ ಅಂದರೆ ಒಳಬರುವ ನೀರಿನ ಎಷ್ಟು ಪಟ್ಟು ತಿರುಗಿ ಬರುತ್ತೆ ಅಂತ.

ವಾಪಸಾತಿ 1 ಪಟ್ಟು ಆದರೆ 20 ಉಳಿಯುತ್ತೆ.
ವಾಪಸಾತಿ 4 ಪಟ್ಟು (ಸ್ಲಡ್ಜ್ 1, ಮಿಶ್ರಣ 3) ಆದರೆ 8 ಉಳಿಯುತ್ತೆ.
ವಾಪಸಾತಿ 9 ಪಟ್ಟು ಆದರೆ 4 ಉಳಿಯುತ್ತೆ.

1ರಿಂದ 4ಕ್ಕೆ ಹೋದರೆ 12 ಮಿ.ಗ್ರಾಂ ಲಾಭ. 4ರಿಂದ 9ಕ್ಕೆ ಹೋದರೆ ಬರೀ 4 ಮಿ.ಗ್ರಾಂ, ಆದರೆ ಕರೆಂಟ್ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ. ಜೊತೆಗೆ ಅಷ್ಟೊಂದು ನೀರು ತಿರುಗಿಸಿದರೆ ಅದರಲ್ಲಿ ಕರಗಿದ ಆಮ್ಲಜನಕವೂ ಬಂದು ಗಾಳಿ ಇಲ್ಲದ ಟ್ಯಾಂಕಿನ ಕೆಲಸ ಕೆಡಿಸುತ್ತೆ. ಆದ್ದರಿಂದ 4 ಪಟ್ಟಿನ ಆಸುಪಾಸು ನಿಲ್ಲಿಸೋದು ವಾಡಿಕೆ. 8ರ ಜೊತೆ ಉಳಿದ ಅಲ್ಪಸ್ವಲ್ಪ ಸಾವಯವ ಸಾರಜನಕ ಸೇರಿದರೂ 10ರ ಮಿತಿ ಹತ್ತಿರ ಬರಬಹುದು.

ಇದರಲ್ಲಿ ಉಳಿತಾಯವೂ ಇದೆ. ಅನಿಲವಾಗುವ ಪ್ರತಿ ಗ್ರಾಂ ನೈಟ್ರೇಟ್ ಸಾರಜನಕ 2.86 ಗ್ರಾಂ ಆಮ್ಲಜನಕದ ಕೆಲಸ ಮಾಡಿ ಹೋಗುತ್ತೆ, 3.57 ಗ್ರಾಂ ಕ್ಷಾರೀಯತೆ ಹಿಂದಿರುಗಿಸುತ್ತೆ. ನಮ್ಮ ಉದಾಹರಣೆಯಲ್ಲಿ 32 ಮಿ.ಗ್ರಾಂ ಹೋಯಿತು, ಅಂದರೆ ಸುಮಾರು 91 ಮಿ.ಗ್ರಾಂ ಆಮ್ಲಜನಕ ವಾಪಸ್. ಮೊದಲು ಖರ್ಚು ಮಾಡಿದ 183ರಲ್ಲಿ ಅರ್ಧ! ಬ್ಲೋಯರ್ ಅಷ್ಟು ಕಡಿಮೆ ಓಡಿಸಬಹುದು.

ರಂಜಕದ ಲೆಕ್ಕ

ರಂಜಕ ಅನಿಲವಾಗಿ ಹೋಗಲ್ಲ. ಅದು ಹೊರಹೋಗೋಕೆ ಇರುವ ದಾರಿ ಸ್ಲಡ್ಜ್ ಒಂದೇ. ಮಾಮೂಲಿ ಬ್ಯಾಕ್ಟೀರಿಯಾದ ಒಣ ತೂಕದಲ್ಲಿ ರಂಜಕ ಶೇ. 1.5–2 ಇರುತ್ತೆ. ರಂಜಕ ಕೂಡಿಡುವ ಜಾತಿಯ ಬ್ಯಾಕ್ಟೀರಿಯಾ ತುಂಬಿದ ಸ್ಲಡ್ಜ್‌ನಲ್ಲಿ ಶೇ. 5 ದಾಟಬಹುದು. ಇವಕ್ಕೆ ಪಿಎಒ ಅಂತ ಕರೀತಾರೆ.

ಪಿಎಒ ಹೇಗೆ ಬದುಕುತ್ತೆ ಅನ್ನೋದಕ್ಕೆ ನಮ್ಮ ಹಳ್ಳಿ ಮನೆಯ ಲೆಕ್ಕ ಸರಿಹೋಗುತ್ತೆ. ಕಷ್ಟಕಾಲದಲ್ಲಿ ಒಡವೆ ಅಡ ಇಟ್ಟು ದವಸ ತರ್ತಾರೆ, ಸುಗ್ಗಿ ಬಂದಾಗ ಒಡವೆ ಬಿಡಿಸಿಕೊಂಡು ಇನ್ನೊಂದೆಳೆ ಜಾಸ್ತಿಯೇ ಮಾಡಿಸ್ತಾರೆ. ಪಿಎಒಗೆ ಒಡವೆ ಅಂದರೆ ಒಳಗೆ ಕೂಡಿಟ್ಟ ಪಾಲಿಫಾಸ್ಫೇಟ್. ಆಮ್ಲಜನಕವೂ ನೈಟ್ರೇಟೂ ಎರಡೂ ಇಲ್ಲದ ಟ್ಯಾಂಕಿನಲ್ಲಿ ಅದು ಪಾಲಿಫಾಸ್ಫೇಟ್ ಒಡೆದು ಶಕ್ತಿ ತಗೊಂಡು, ನೀರಿನಲ್ಲಿರುವ ಅಸಿಟೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ನುಂಗಿ ಒಳಗೆ ಕೂಡಿಡುತ್ತೆ. ಆಗ ರಂಜಕ ನೀರಿಗೆ ಬಿಡುಗಡೆಯಾಗುತ್ತೆ. ಗಾಳಿ ಟ್ಯಾಂಕಿಗೆ ಬಂದ ಮೇಲೆ ಆ ದವಸ ಉರಿಸಿ, ಬಿಟ್ಟದ್ದಕ್ಕಿಂತ ಹೆಚ್ಚು ರಂಜಕ ಎಳೆದುಕೊಳ್ಳುತ್ತೆ. ಹೊಟ್ಟೆ ತುಂಬಿದ ಆ ಸ್ಲಡ್ಜ್‌ನಲ್ಲಿ ಸ್ವಲ್ಪ ಭಾಗ ಹೊರತೆಗೆದರೆ ರಂಜಕ ಹೋಯಿತು. ಉಳಿದದ್ದು ಮತ್ತೆ ಮುಂದಿನ ಟ್ಯಾಂಕಿಗೆ, ಮುಂದಿನ ಸುತ್ತಿಗೆ.

ನಮ್ಮ 7 ಮಿ.ಗ್ರಾಂನಲ್ಲಿ 2 ಮಾಮೂಲಿ ಬೆಳವಣಿಗೆಗೆ ಹೋದರೆ 5 ಉಳಿಯುತ್ತೆ. ಅದನ್ನ 1ಕ್ಕೆ ಇಳಿಸಲು ಪಿಎಒ 4 ಮಿ.ಗ್ರಾಂ ಹೀರಬೇಕು. 1 ಮಿ.ಗ್ರಾಂ ರಂಜಕಕ್ಕೆ ಸುಮಾರು 10 ಮಿ.ಗ್ರಾಂ ಕೊಬ್ಬಿನಾಮ್ಲ (ಸಿಒಡಿ ಲೆಕ್ಕದಲ್ಲಿ) ಅಂತ ಹಿಡಿದರೆ 40 ಮಿ.ಗ್ರಾಂ ಬೇಕು.

ಎರಡರ ನಡುವಿನ ಜಗಳ

ಈಗ ಮೇಲಿನ ಎರಡು ಲೆಕ್ಕ ಒಟ್ಟಿಗೆ ಇಡಿ. ವಾಪಸ್ ಬರುವ ಸ್ಲಡ್ಜ್ ಜೊತೆಗಿನ ನೀರಿನಲ್ಲಿ 8 ಮಿ.ಗ್ರಾಂ ನೈಟ್ರೇಟ್ ಸಾರಜನಕ ಇದೆ, ವಾಪಸಾತಿ 1 ಪಟ್ಟು. ಇದನ್ನ ನೇರ ಮೊದಲ ಟ್ಯಾಂಕಿಗೆ ಬಿಟ್ಟರೆ ಏನಾಗುತ್ತೆ? ಡಿನೈಟ್ರಿಫೈ ಮಾಡುವ ಬ್ಯಾಕ್ಟೀರಿಯಾ ಮುಂದೆ ಬಂದು, 1 ಮಿ.ಗ್ರಾಂ ನೈಟ್ರೇಟ್ ಸಾರಜನಕಕ್ಕೆ ಸುಮಾರು 5 ಮಿ.ಗ್ರಾಂನಂತೆ 40 ಮಿ.ಗ್ರಾಂ ಸಿಒಡಿ ತಿಂದು ಹಾಕುತ್ತೆ. ಪಿಎಒಗೆ ಬೇಕಾಗಿದ್ದೂ ಅಷ್ಟೇ 40! ಕೊಳಚೆಯಲ್ಲಿ ಕೊಬ್ಬಿನಾಮ್ಲ ಕಡಿಮೆ ಇದ್ದರೆ ಪಿಎಒ ಪಾಲಿಗೆ ಖಾಲಿ ತಟ್ಟೆ. ಸಾರಜನಕ ಇಳಿಯುತ್ತೆ, ರಂಜಕ ಹಾಗೇ ಕೆರೆಗೆ ಹೋಗುತ್ತೆ. ಅದಕ್ಕೇ ಸ್ಲಡ್ಜ್ ವಾಪಸ್ ಹಾಕೋದು ಮಾತ್ರ ಸಾಕಾಗಲ್ಲ. ವಾಪಸ್ ಹಾಕುವ ಮುಂಚೆ ಅದನ್ನ ಸಂಸ್ಕರಿಸಬೇಕು.

ಮೊದಲ ಉಪಾಯ ದಕ್ಷಿಣ ಆಫ್ರಿಕಾದಿಂದ ಬಂತು. ಜೋಹಾನ್ಸ್‌ಬರ್ಗ್ ವಿಧಾನ ಅಂತಲೇ ಅದರ ಹೆಸರು. ವಾಪಸ್ ಬರುವ ಸ್ಲಡ್ಜನ್ನು ಹೊಸ ಕೊಳಚೆ ಜೊತೆ ಸೇರಿಸದೆ, ಮೊದಲು ಗಾಳಿ ಇಲ್ಲದ ಒಂದು ಸಣ್ಣ ಟ್ಯಾಂಕಿನಲ್ಲಿ ನಿಲ್ಲಿಸ್ತಾರೆ. ಸ್ಲಡ್ಜ್ ದಪ್ಪ ಇರೋದರಿಂದ ಬ್ಯಾಕ್ಟೀರಿಯಾ ತನ್ನ ಮೈಯಲ್ಲಿರುವ ಇಂಗಾಲವನ್ನೇ ಬಳಸಿ ನೈಟ್ರೇಟ್ ಮುಗಿಸುತ್ತೆ. ಆಮೇಲೆ ಅದು ಮೊದಲ ಟ್ಯಾಂಕಿಗೆ ಹೋದಾಗ ಕೊಳಚೆಯ ಕೊಬ್ಬಿನಾಮ್ಲ ಪೂರ್ತಿ ಪಿಎಒಗೆ ಸಿಗುತ್ತೆ.

ಎರಡನೇ ಉಪಾಯ ಇನ್ನೂ ಒಂದು ಹೆಜ್ಜೆ ಮುಂದೆ. ವಾಪಸ್ ಬರುವ ಸ್ಲಡ್ಜ್‌ನಲ್ಲಿ ಒಂದು ಪಾಲನ್ನು ಪಕ್ಕದ ಟ್ಯಾಂಕಿನಲ್ಲಿ ಒಂದೆರಡು ದಿನ ಗಾಳಿ ಇಲ್ಲದೆ ಹುಳಿಯೋಕೆ ಬಿಡ್ತಾರೆ, ದೋಸೆ ಹಿಟ್ಟಿನ ಹಾಗೆ. ನೈಟ್ರೇಟ್ ಮುಗಿದ ಮೇಲೆ ಸ್ಲಡ್ಜ್‌ನ ದೊಡ್ಡ ಅಣುಗಳು ಒಡೆದು ಅಸಿಟೇಟ್, ಪ್ರೊಪಿಯೊನೇಟ್‌ನಂಥ ಕೊಬ್ಬಿನಾಮ್ಲಗಳಾಗುತ್ತವೆ. ಅಂದರೆ ಹೊರಗಿನಿಂದ ಕೆಮಿಕಲ್ ಕೊಳ್ಳದೆ ಪಿಎಒಗೆ ಊಟ ಅಲ್ಲೇ ತಯಾರು. ಕೊಳಚೆ ತೀರಾ ತೆಳುವಾಗಿರುವ ಕಡೆ ಇದು ತುಂಬಾ ಉಪಯೋಗ.

ಇದಕ್ಕೆ ಮಿತಿಯೂ ಇದೆ. ಹುಳಿಯುವಾಗ ಕೊಬ್ಬಿನಾಮ್ಲದ ಜೊತೆ ಸ್ವಲ್ಪ ಅಮೋನಿಯಾ, ರಂಜಕ ಕೂಡ ಬಿಡುಗಡೆಯಾಗುತ್ತೆ. ಜಾಸ್ತಿ ದಿನ ಬಿಟ್ಟರೆ ಮೀಥೇನ್ ಬ್ಯಾಕ್ಟೀರಿಯಾ ಬಂದು ಆ ಆಮ್ಲವನ್ನೂ ತಿಂದುಬಿಡುತ್ತೆ. ಇನ್ನು ನಮ್ಮಂಥ ಬೆಚ್ಚಗಿನ ಊರುಗಳಲ್ಲಿ ರಂಜಕ ಕೂಡಿಡದೆ ಬರೀ ಆಮ್ಲ ನುಂಗುವ ಇನ್ನೊಂದು ಜಾತಿ ಪಿಎಒಗೆ ಪೈಪೋಟಿ ಕೊಡುತ್ತೆ. ಆದ್ದರಿಂದ ತಣ್ಣನೆ ದೇಶದ ಡಿಸೈನ್ ಇಲ್ಲಿಗೆ ಹಾಗೇ ತಂದು ಕೂರಿಸೋಕಾಗಲ್ಲ.

ಹೊರತೆಗೆದ ಸ್ಲಡ್ಜ್ ಎಲ್ಲಿಗೆ?

ರಂಜಕ ತುಂಬಿದ ಸ್ಲಡ್ಜನ್ನು ಹೊರತೆಗೆದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಅದನ್ನ ಗಾಳಿ ಇಲ್ಲದ ಡೈಜೆಸ್ಟರ್‌ಗೆ ಹಾಕಿ, ಹಿಂಡಿ, ಹಿಂಡಿದ ನೀರನ್ನು ಮತ್ತೆ ಪ್ಲಾಂಟಿನ ಬಾಯಿಗೆ ಬಿಟ್ಟರೆ, ತೆಗೆದ ರಂಜಕ, ಅಮೋನಿಯಾ ಎರಡರಲ್ಲೂ ಒಂದು ಪಾಲು ಹಿಂಬಾಗಿಲಿನಿಂದ ವಾಪಸ್! ಆ ನೀರಿನ ಪ್ರಮಾಣ ಸಣ್ಣದು, ಸಾಂದ್ರತೆ ಭಾರಿ. ಅದಕ್ಕೆ ಬೇರೆ ಟ್ರೀಟ್‌ಮೆಂಟ್ ಬೇಕು, ಅಥವಾ ಮೆಗ್ನೀಸಿಯಂ ಸೇರಿಸಿ ಸ್ಟ್ರುವೈಟ್ ಅನ್ನುವ ಗೊಬ್ಬರದ ಹರಳಾಗಿ ತೆಗೆಯಬೇಕು.

ಕುಡಿಯುವ ನೀರಿನ ಪ್ಲಾಂಟುಗಳಲ್ಲಿ ಆಲಂ ಹಾಕಿದಾಗ ಉಳಿಯುವ ಸ್ಲಡ್ಜ್ ಕೂಡ ಇಲ್ಲಿ ಕೆಲಸಕ್ಕೆ ಬರುತ್ತೆ. ಅದರಲ್ಲಿರುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಫಾಸ್ಫೇಟ್‌ಅನ್ನು ಹಿಡಿದಿಟ್ಟುಕೊಳ್ಳುತ್ತೆ. ಒಂದು ಕಡೆಯ ಕಸ ಇನ್ನೊಂದು ಕಡೆಯ ಫಿಲ್ಟರ್.

ದೇವನಹಳ್ಳಿಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಒಳಚರಂಡಿ ಇಲ್ಲದ ಮನೆಗಳ ಪಿಟ್ ಖಾಲಿ ಮಾಡುವ ಹನಿಸಕ್ಕರ್ ಗಾಡಿಗಳ ಮಲಕೆಸರನ್ನು ಸಂಸ್ಕರಿಸಲು 2015ರಲ್ಲಿ ಇಲ್ಲಿ ಘಟಕ ಶುರುವಾಯಿತು. ಸಿಡಿಡಿ ಸೊಸೈಟಿ ವಿನ್ಯಾಸ ಮಾಡಿದ ಇದು ದೇಶದ ಮೊದಲ ಪಟ್ಟಣ ಮಟ್ಟದ ಮಲಕೆಸರು ಸಂಸ್ಕರಣಾ ಘಟಕ ಅಂತ ಹೆಸರಾಗಿದೆ. ಸಾಮರ್ಥ್ಯ ದಿನಕ್ಕೆ 6 ಘನ ಮೀಟರ್. ಕೆಸರು ಕೊಳೆತು, ಒಣಹಾಸಿನ ಮೇಲೆ ಒಣಗಿ, ಹಸಿ ಕಸದ ಜೊತೆ ಕಾಂಪೋಸ್ಟ್ ಆಗಿ ಹೊಲ ಸೇರುತ್ತೆ. ಫೌಲರ್ ನೂರು ವರ್ಷದ ಹಿಂದೆ ಬಯಸಿದ್ದೂ ಇದನ್ನೇ ಅಲ್ಲವೇ? ಕುಂದಾಣದಂಥ ಊರುಗಳಲ್ಲಿ ಲೇಔಟ್‌ಗಳು ಏಳುವಷ್ಟು ಬೇಗ ಒಳಚರಂಡಿ ಬರಲ್ಲ. ಅಲ್ಲಿವರೆಗೆ ಸಾರಜನಕ, ರಂಜಕ ಕೆರೆಗೆ ಹೋಗದೆ ಹೊಲಕ್ಕೆ ಹೋಗೋದು ಇಂಥ ದಾರಿಯಲ್ಲೇ.

ಕ್ಯಾಂಪಸ್ ಎಸ್‌ಟಿಪಿಯಲ್ಲಿ ಏನು ನೋಡಬೇಕು?

ಹಾಸ್ಟೆಲ್ ಹಿಂದಿನ ಎಸ್‌ಟಿಪಿಯನ್ನು ಮೂಗು ಮುಚ್ಚಿಕೊಂಡು ದಾಟಿ ಹೋಗುವ ಬದಲು, ಪರ್ಮಿಷನ್ ತಗೊಂಡು ಒಂದು ಸಲ ಒಳಗೆ ಹೋಗಿ. ಆಪರೇಟರ್ ಅಣ್ಣನನ್ನು ಈ ನಾಲ್ಕು ಪ್ರಶ್ನೆ ಕೇಳಿ.

1. ಸ್ಲಡ್ಜ್ ವಾಪಸ್ ಪಂಪ್ ದಿನಕ್ಕೆ ಎಷ್ಟು ಗಂಟೆ ಓಡುತ್ತೆ? ಕರೆಂಟ್ ಉಳಿಸೋಕೆ ರಾತ್ರಿ ನಿಲ್ಲಿಸಿದರೆ ಕ್ಲ್ಯಾರಿಫೈಯರ್ ತಳದಲ್ಲಿ ಆಮ್ಲಜನಕ ಮುಗಿದು, ಹಿಡಿದಿಟ್ಟ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತೆ.

2. ಕ್ಲ್ಯಾರಿಫೈಯರ್ ಮೇಲೆ ಗುಳ್ಳೆ ಸಮೇತ ಸ್ಲಡ್ಜ್ ತೇಲಿ ಬರುತ್ತಾ? ಬಂದರೆ ಡಿನೈಟ್ರಿಫಿಕೇಶನ್ ತಪ್ಪು ಜಾಗದಲ್ಲಿ ನಡೀತಿದೆ ಅಂತ ಅರ್ಥ. ಆ ಗುಳ್ಳೆ ಸಾರಜನಕದ್ದು.

3. ಒಂದು ಲೀಟರ್ ಸಿಲಿಂಡರ್‌ನಲ್ಲಿ ಗಾಳಿ ಟ್ಯಾಂಕಿನ ಮಿಶ್ರಣ ತುಂಬಿ 30 ನಿಮಿಷ ಬಿಟ್ಟರೆ ಸ್ಲಡ್ಜ್ ಎಷ್ಟಕ್ಕೆ ಕೂರುತ್ತೆ? ದಿನಾ ಬರೆದಿಡ್ತಾರಾ?

4. ಹೊರಹೋಗುವ ನೀರಿನ ರಿಪೋರ್ಟ್‌ನಲ್ಲಿ ಬಿಒಡಿ ಜೊತೆ ಒಟ್ಟು ಸಾರಜನಕ, ಒಟ್ಟು ರಂಜಕ ಇದೆಯಾ?

ನಾಲ್ಕನೆಯದಕ್ಕೆ ಉತ್ತರ ಸಿಕ್ಕದೇ ಹೋದರೆ ಬೇಜಾರಾಗಬೇಡಿ. ನಮ್ಮ ಲ್ಯಾಬಲ್ಲೇ ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಮಾಡುವ ಸ್ಪೆಕ್ಟ್ರೋಫೋಟೋಮೀಟರ್ ಇರುತ್ತೆ. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ಹತ್ತಿರದ ವಿಷಯ ಸಿಗಲ್ಲ.

ಕೊನೆಗೆ ಒಂದು ಲೆಕ್ಕ ನಿಮಗೆ. ಬೆಳವಣಿಗೆಗೆ ಹೋಗಿ ಉಳಿದ ಸಾರಜನಕ 50 ಮಿ.ಗ್ರಾಂ, ಸ್ಲಡ್ಜ್ ವಾಪಸಾತಿ 1 ಪಟ್ಟು, ಮಿಶ್ರಣ 2 ಪಟ್ಟು. ಹೊರಹೋಗುವ ನೈಟ್ರೇಟ್ ಸಾರಜನಕ ಎಷ್ಟು? 12.5 ಬಂದರೆ ನಿಮ್ಮ ದಾರಿ ಸರಿ. ಅದನ್ನ 8ಕ್ಕೆ ಇಳಿಸಲು ಮಿಶ್ರಣವನ್ನು ಎಷ್ಟು ಪಟ್ಟು ತಿರುಗಿಸಬೇಕು, ಅದಕ್ಕೆ ಕೊಳಚೆಯಲ್ಲಿ ಎಷ್ಟು ಇಂಗಾಲ ಇರಬೇಕು ಅನ್ನೋದನ್ನ ಬಿಡಿಸಿ ಕನ್ನಡ ಸಂಘಕ್ಕೆ ಕಳಿಸಿ. ಕನ್ನಡದಲ್ಲೇ ಬರೆದು ಕಳಿಸಿ. ಬೇರೆ ಬೇರೆ ದಾರಿಯಲ್ಲಿ ಬಿಡಿಸಿದವರ ಲೆಕ್ಕಗಳನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.